ತಂಗಿಯ ಕಾರಿನ ಎಂಜಿನ್

ಜನವರಿ 8, ಸಂಜೆ 6.10

220 ನಂಬರಿನ ಎಮರಿ ಕಾಗದದಲ್ಲಿ ಉಜ್ಜುವುದು ಇವತ್ತಿಗೆ ಮುಗಿಯಿತು. ನಾಳೆಯಿಂದ ಇನ್ನೂ ನುಣುಪಿನ 400. ಟ್ಯಾಪೆಟ್ ಕವರಿನ ಮೇಲ್ಭಾಗ ಒಂದು ಹದಕ್ಕೆ ಬಂದಿದೆ. ಮೂಲೆಗಳು ಇನ್ನೂ ಮೊಂಡು. ಎಂಜಿನ್ನಿನ ತಲೆಯ ಮೇಲೆ ಕೂರುವ ಮುಚ್ಚಳ. ಬಾನೆಟ್ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಇದೇ. ಸೀಮೆಎಣ್ಣೆಯಲ್ಲಿ ಎರಡು ಸಲ ತೊಳೆದು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಸಂದಿ ಕೆರೆದು, ಆಮೇಲೆ ನೀರು ಹಾಕಿ ಉಜ್ಜು, ಉಜ್ಜು, ಉಜ್ಜು. ಕಪ್ಪು ರಾಡಿ ಇಳಿಯುತ್ತದೆ. ಉಗುರಿನೊಳಗೆ ಹೊಕ್ಕರೆ ಮೂರು ದಿನ ಬಿಡುವುದಿಲ್ಲ. ಕೆಮಿಸ್ಟ್ರಿ ಮೇಷ್ಟ್ರು ಇವತ್ತು ನನ್ನ ಕೈ ನೋಡಿ, "ಏನ್ರೀ, ಲ್ಯಾಬ್ ಬಿಟ್ಟು ಗ್ಯಾರೇಜ್ ಸೇರಿದ್ರಾ?" ಅಂದರು. ನಕ್ಕೆ. ಸ್ಕೂಲಿನ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಗಾಜಿನ ನಳಿಕೆ ತೊಳೆದ ಕೈ. ಲೋಹ ಹೊಸದು.

ಗುಬ್ಬಿಗೆ ಇಪ್ಪತ್ತು ತುಂಬಿತು, ಹೋದ ತಿಂಗಳು. ತಂಗಿಯ ಮಗಳು, ಈಗ ನನ್ನವಳೇ. ಅಪ್ಪ ಎಂಬುವನು ಅವಳಿಗೆ ಹೆಸರಿಗಷ್ಟೇ. ಕೇಳಿದ್ದು ಒಂದೇ ಒಂದು: "ಅಮ್ಮನ ಕಾರು ರೆಡಿ ಮಾಡ್ಸೋಣ ದೊಡ್ಡಮ್ಮ. ನಾನೇ ಓಡಿಸ್ತೀನಿ."

ಬೇಡ ಅನ್ನಲು ನನಗೆ ಯಾವ ಬಾಯಿ?

ಜಜ್ಜಿಹೋಗಿದ್ದ ಹಿಂಭಾಗವನ್ನು ಟಿಂಕರಿಂಗ್‌ನವರು ಹೊಸದಾಗಿ ಕೂರಿಸಿದ್ದಾರೆ. ಎಂಜಿನ್ನಿನ ಒಳಗಿನ ಕೆಲಸ ಮೆಕ್ಯಾನಿಕ್ ನಟ್ಟಣ್ಣನವರದು. ಹೊರಗಿನ ಅಲ್ಯೂಮಿನಿಯಂ ಪಾರ್ಟ್ಸ್ ಮಂಕಾಗಿ, ಬಿಳಿ ಹಿಟ್ಟು ಹಿಡಿದಂತಾಗಿದ್ದವು. "ಪಾಲಿಶ್ ಅಂಗಡಿಗೆ ಕೊಡಿ ಟೀಚರಮ್ಮ, ಎರಡು ದಿನದ ಕೆಲಸ" ಅಂದರು. ಟೀಚರ್ ಅಲ್ಲ ನಾನು, ಎಷ್ಟು ಹೇಳಿದರೂ ಅವರಿಗೆ ಟೀಚರಮ್ಮನೇ. ಮನೆಯಲ್ಲೇ ಮಾಡುತ್ತೇನೆ ಅಂದೆ. ಹಣದ ಮಾತಲ್ಲ, ಪಾಲಿಶ್ ಅಂಗಡಿಯವರು ಕೇಳುವುದು ಅಂಥ ದೊಡ್ಡದೇನಲ್ಲ.

ನಟ್ಟಣ್ಣ ಪಾರ್ಟ್ಸ್ ಕಟ್ಟಿಕೊಟ್ಟ ಆ ಮೂಟೆಯಲ್ಲಿರುವುದನ್ನು ಕೆಲಸ ತಿಳಿದವರು ಯಾರೂ ಕೈಯಲ್ಲಿ ಹಿಡಿದು ನೋಡಬಾರದು. ಅಷ್ಟೆ.


ಜನವರಿ 10, ಬೆಳಗ್ಗೆ 5.40

ಮೆಟ್ಟಿಲ ಕೆಳಗಿನ ಕೋಣೆ. ಒಂದು ಮೇಜು, ಒಂದು ಬಲ್ಬು, ಒಂದು ಬಕೆಟ್. ನಿನ್ನೆ ಒರೆಸಿ, ಬಟ್ಟೆ ಮುಚ್ಚಿ ಮಲಗಿದ್ದೆ. ಈಗ ಬಟ್ಟೆ ತೆಗೆದರೆ ಕವರಿನ ಮೇಲೆ ನಾಲ್ಕು ಬೆರಳಿನ ಗುರುತು. ಹೊಳಪಿನ ಮೇಲೆ ಮಂಜು ಹಿಡಿದ ಹಾಗೆ. ಸಣ್ಣ ಬೆರಳು, ತುದಿ ಚೂಪು. ನನ್ನವು ದಪ್ಪ.

ತಂಗಿಯ ಬೆರಳು ಹಾಗಿದ್ದವು.

ಒರೆಸಿದೆ. ಹೋಗಲಿಲ್ಲ. ಬೆವರಿನ ಉಪ್ಪು ಅಲ್ಯೂಮಿನಿಯಂ ತಿನ್ನುತ್ತದೆ, ಗೊತ್ತು, ಲ್ಯಾಬಿನಲ್ಲಿ ನೋಡಿದ್ದೇನೆ. ಗೊತ್ತಿದ್ದರೆ ಏನು ಬಂತು? ಮತ್ತೆ 400ರಲ್ಲಿ ಉಜ್ಜಿ ತೆಗೆದೆ.

ಉಜ್ಜುವ ಸದ್ದು — ಇದನ್ನು ಬರೆಯಬಾರದು ಅಂದುಕೊಂಡಿದ್ದೆ — ಹೋಗುವಾಗ ಒಂದು, ಬರುವಾಗ ಒಂದು. ಸರಿ-ಯಾಯ್ತಾ. ಸರಿ-ಯಾಯ್ತಾ. ಕೈ ನಿಲ್ಲಿಸಿದರೆ ನಿಲ್ಲುತ್ತದೆ. ಕೆಲವು ಸಲ ಕೈ ನಿಂತ ಮೇಲೂ ಇನ್ನೊಂದು ಸಲ.


ಜನವರಿ 14, ಭಾನುವಾರ

ಹೊಳಪು ಹಚ್ಚುವ ಕಾಂಪೌಂಡ್ ಕಡ್ಡಿ ತರಲು ಪಾಲಿಶ್ ಅಂಗಡಿಗೆ ಹೋದೆ. ಕೊಳ್ಳುವುದಕ್ಕೆ ಮಾತ್ರ. ಉದ್ದ ಓಣಿಯ ಕೊನೆ. ಗೋಡೆಯೆಲ್ಲ ಕಪ್ಪು ಹತ್ತಿಯ ಧೂಳು. ಪಾಲಿಶ್‌ನವರು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಮೋಟಾರಿನ ಮುಂದೆ ಕೂತಿದ್ದರು. ಮೂವತ್ತು ವರ್ಷ ಆ ಸದ್ದಿನಲ್ಲಿ ಕೂತು ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಅರ್ಧ. ಮಾತೆಲ್ಲ ಕೂಗಿಯೇ.

"ಮನೇಲಿ ಮಾಡಬಹುದಾ?" ಅಂದೆ.

"ಮನೆ ಇಲ್ಲೇ ಮೇಲ್ಗಡೆ!" ಅಂದರು.

ಎರಡನೇ ಸಲ ಕೂಗಿ ಕೇಳಿದೆ. ನಕ್ಕರು. "ಮಾಡಬಹುದಮ್ಮ, ಯಾಕಾಗಲ್ಲ? ನನಗೆ ಹತ್ತು ನಿಮಿಷ, ನಿಮಗೆ ಹತ್ತು ದಿನ. ಒಂದು ನಂಬರಿನ ಗೆರೆ ಪೂರ್ತಿ ಹೋಗೋ ತನಕ ಮುಂದಿನ ನಂಬರಿಗೆ ಹೋಗಬೇಡಿ. ಅವಸರ ಮಾಡಿದ್ರೋ, ಹೊಳಪು ಬಂದ ಮೇಲೆ ಹಳೇ ಗೆರೆ ಎಲ್ಲಾ ಎದ್ದು ಕೂರುತ್ತೆ. ಜನ ಪಾಲಿಶ್ ಮಾಡಿದ್ರೆ ಮುಚ್ಚಿಹೋಗುತ್ತೆ ಅಂದ್ಕೋತಾರೆ. ಎಲ್ಲಿ ಮುಚ್ಚುತ್ತೆ? ಮಂಕಾಗಿದ್ದಾಗ ಕಾಣದೇ ಇದ್ದದ್ದೆಲ್ಲ ಕಾಣುತ್ತೆ."

ಕಂದು ಬಣ್ಣದ ಒಂದು ಕಡ್ಡಿ ಕೊಟ್ಟರು, ಡ್ರಿಲ್ಲಿಗೆ ಸಿಕ್ಕಿಸುವ ಬಟ್ಟೆಚಕ್ರ ಒಂದು. ಹೊರಡುವಾಗ ನನ್ನ ಬೆರಳು ನೋಡಿದರು. ಎರಡು ಕಡೆ ಸೀಳಿದೆ. "ಸಾಲದ್ದಕ್ಕೆ ಗ್ಲೌಸೂ ಇಲ್ಲ. ಯಾರ ಮೇಲಮ್ಮ ಇಷ್ಟು ಸಿಟ್ಟು?" ಅಂದರು.

ಕೇಳಿಸದವಳ ಹಾಗೆ ಬಂದೆ. ಅಲ್ಲಿ ಅದು ಸುಲಭ.


ಜನವರಿ 17

ತಂಗಿ ಹೋಗಿ ಈ ವಾರಕ್ಕೆ ಹದಿನಾಲ್ಕು ತಿಂಗಳು.


ಜನವರಿ 18, ಬೆಳಗ್ಗೆ 5.15

ನಿನ್ನೆ ಬೆಳಗ್ಗೆ ಮತ್ತೆ ಬೆರಳು. ಈ ಸಲ ಅಂಗೈಯೂ ಇತ್ತು.

ಹಾಗಾದರೆ ನೋಡಿಯೇಬಿಡೋಣ ಎಂದು ಇವತ್ತು ನಾಲ್ಕೂವರೆಗೇ ಎದ್ದು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ನಲವತ್ತೇಳು ವರ್ಷದವಳು, ವಿಜ್ಞಾನದ ಲ್ಯಾಬಿನಲ್ಲಿ ಅನ್ನ ತಿನ್ನುವವಳು, ದೆವ್ವ ಹಿಡಿಯಲು ಪೊರಕೆ ಹಿಡಿದು ನಿಂತೆ. ಐದಕ್ಕೆ ಮೆಟ್ಟಿಲು ಇಳಿದ ಸದ್ದು. ಬರಿಗಾಲು. ಬೆನ್ನು ಕಂಡಿತು, ಎತ್ತಿ ಕಟ್ಟಿದ ಕೂದಲು. ಪೊರಕೆ ಎತ್ತಿ ಹಿಡಿದೆ.

ಗುಬ್ಬಿ.

ಬಟ್ಟೆ ಸರಿಸಿ, ಕವರಿನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ನಿಂತಳು. ಕಾಯಿಲೆ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಅಳಲಿಲ್ಲ. ಐದು ನಿಮಿಷ ನಿಂತು, ಬಟ್ಟೆ ಮುಚ್ಚಿ, ಮೇಲೆ ಹೋದಳು.

ದೆವ್ವವಾಗಿದ್ದರೇ ವಾಸಿ ಇತ್ತು.


ಜನವರಿ 20, ಸಂಜೆ

ನಟ್ಟಣ್ಣ ಬಂದಿದ್ದರು. ಪಿಸ್ಟನ್ ಹೊಸದು ಹಾಕಿದ್ದಾರಂತೆ, ಸಿಲಿಂಡರಿನ ಬೋರ್ ಕೊರೆಸಿದ್ದಾರಂತೆ. ಕೂಲಿ ಬೇಡ ಅನ್ನುತ್ತಾರೆ. ಮೊದಲಿನಿಂದಲೂ ಅದೇ ಮಾತು. ಕೂರಿ ಅಂದರೆ ಕೂರುವುದಿಲ್ಲ; ಬಾಗಿಲಲ್ಲೇ ನಿಂತು ಟೀ ಕುಡಿದರು. ಲೋಟ ನಡುಗುತ್ತಿತ್ತು. ಮೊದಲು ಹಾಗಿರಲಿಲ್ಲ ಆ ಕೈ. ಸದ್ದು ಕೇಳಿಯೇ ಇಂಥ ನಟ್ಟು ಸಡಿಲ ಅನ್ನುತ್ತಿದ್ದರು, ಅದಕ್ಕೇ ನಟ್ಟಣ್ಣ.

"ಅಂಗಡಿ ಹೇಗೆ ನಡೀತಿದೆ?" ಅಂದೆ.

"ನಡೀತಿದೆ..." ಅಂದರು. ನಡೆಯುತ್ತಿಲ್ಲ. ನನಗೆ ಗೊತ್ತು, ಬೀದಿಗೆಲ್ಲ ಗೊತ್ತು. ನಟ್ಟಣ್ಣ ಆಯಿಲ್ ಬದಲಾಯಿಸಿದ ಎರಡೇ ವಾರಕ್ಕೆ ತಳದ ಡ್ರೈನ್ ನಟ್ಟು ಉದುರಿ ಆ ಕಾರಿನ ಹೆಂಗಸು ಹೋದಳು — ಊರ ಬಾಯಿಗೆ ಇಷ್ಟು ಸಾಕಾಯಿತು.

ಹೊರಡುವಾಗ, ನನ್ನ ಮುಖ ನೋಡದೆ: "ಟೀಚರಮ್ಮ, ಆವತ್ತು ಬಿಗಿ ಮಾಡಿದ್ದೆ ಅಂತ್ಲೇ ನನ್ನ ಕೈ ಹೇಳುತ್ತೆ. ಆದ್ರೆ ಆಣೆ ಮಾಡಿ ಹೇಳೋಕಾಗಲ್ಲ. ದಿನಾ ಬೆಳಗಾಗೆದ್ದು ಅದೇ ನಟ್ಟು ತಿರುಗಿಸ್ತೀನಿ, ತಲೇಲಿ. ಒಂದಿನ ಬಿಗಿ ಆಗುತ್ತೆ. ಒಂದಿನ ಆಗಲ್ಲ."

ನಾನು ಏನು ಹೇಳಿದೆ? "ಆಗಿದ್ದು ಆಯ್ತು ಬಿಡಿ" ಅಂದೆ.

ಅಂದೆ! ಈ ಬಾಯಿಂದಲೇ.


ಜನವರಿ 21, ಭಾನುವಾರ, ಮಧ್ಯಾಹ್ನ

ಗುಬ್ಬಿ ಗೆಳತಿಯ ಮನೆಗೆ ಹೋಗಿದ್ದಾಳೆ. ಬರೆದುಬಿಡುತ್ತೇನೆ. ಓದುವವರು ಯಾರೂ ಇಲ್ಲ.

ಆವತ್ತು ಶನಿವಾರ. ತಂಗಿಯ ಕಾರು ನಮ್ಮ ಅಂಗಳದಲ್ಲಿ ನಿಂತಿತ್ತು. ಕೆಳಗೆ ಎಣ್ಣೆಯ ಹನಿ, ರೂಪಾಯಿಯಗಲ. ನಟ್ಟಣ್ಣನ ಹತ್ತಿರ ಹೋಗಿ ಬರುತ್ತೇನೆ ಅಂದಳು. ಒಂದು ಹನಿ ಎಣ್ಣೆಗೆ ಅವರ ಹತ್ತಿರ ಯಾಕೆ, ನಾನಿಲ್ಲವೇ ಅಂದೆ. ಅಪ್ಪ ಬಸ್ ಡ್ರೈವರ್. ಸ್ಪ್ಯಾನರ್ ಹಿಡಿಯುವುದನ್ನು ನನಗೇ ಕಲಿಸಿದ್ದು, ಅವಳಿಗಲ್ಲ. ಆ ಜಂಬ. ಕಾರಿನ ಕೆಳಗೆ ಮಲಗಿದೆ. ಎಂಜಿನ್ನಿನ ಅಡಿಯ ಆಯಿಲ್ ಚೇಂಬರಿನ ತಳದ ಡ್ರೈನ್ ನಟ್ಟಿಗೆ ಸ್ಪ್ಯಾನರ್ ಕೊಟ್ಟೆ. ಬಿಗಿಯಾಗಿಯೇ ಇತ್ತು. ಬಿಗಿಯಾಗಿಯೇ ಇತ್ತು, ನಟ್ಟಣ್ಣನವರೇ. ಅದರ ವಾಷರ್ ಹಳೆಯದು, ಅದಕ್ಕೆ ಹನಿ. ಅಷ್ಟೇ. ನಾನು ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಮೈಭಾರ ಬಿಟ್ಟು ಎಳೆದೆ. ಕಟ್ ಅಂತು. ಆಮೇಲೆ ನಟ್ಟು ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು.

ತೂತಿನೊಳಗಿನ ಮರೆ, ನಟ್ಟು ಕಚ್ಚಿ ಕೂರುವ ತಿರುಪಿನ ಗೆರೆ, ಹೋಯಿತು ಎಂದು ಅದೇ ಕ್ಷಣಕ್ಕೆ ಗೊತ್ತಾಯಿತು. ಗೊತ್ತಾಗದೆ ಮಾಡಿದ್ದು ಅಂತ ಎಲ್ಲೂ ಬರೆಯುವುದಿಲ್ಲ.

ಎಣ್ಣೆ ಬೋಗುಣಿಗೆ ಹಿಡಿದು, ಲ್ಯಾಬಿನ ನಲ್ಲಿಗೆ ಸುತ್ತುವ ಬಿಳಿ ಟೇಪು ನಟ್ಟಿಗೆ ಏಳೆಂಟು ಸುತ್ತು ಸುತ್ತಿ ತುರುಕಿದೆ. ಎಣ್ಣೆ ವಾಪಸ್ ಸುರಿದೆ. ಹನಿ ನಿಂತಿತು. ನಾಚಿಕೆ. ಅವಳಿಗೆ ಗೊತ್ತಾಗಬಾರದು. ನಟ್ಟಣ್ಣ ನಗುತ್ತಾರೆ. ಸೋಮವಾರ ನಾನೇ ಸುಮ್ಮನೆ ಒಯ್ದು ತೋರಿಸಿದರಾಯಿತು...

"ಸರಿಯಾಯ್ತಾ ಅಕ್ಕಾ?" ಅಂದಳು, ಬಗ್ಗಿ.

"ಸರಿಯಾಯ್ತು, ಹೋಗು."

ಭಾನುವಾರ ಬೆಳಗ್ಗೆ ಹೊರಟಳು. ಮಂಜು. ನಟ್ಟು ಉದುರಿ, ಎಣ್ಣೆಯೆಲ್ಲ ರಸ್ತೆಗೆ ಇಳಿದು, ತಿರುವಿನಲ್ಲಿ ಎಂಜಿನ್ ಬಿಗಿದುಕೊಂಡು ಗಾಡಿ ನಿಂತಿತು. ಹಿಂದಿನಿಂದ ಲಾರಿ. ಲಾರಿಯವನು ಕಾಣಿಸಲೇ ಇಲ್ಲ ಅಂದ. ನಿಜವೇ ಇರಬೇಕು.

ಗುಬ್ಬಿ ಆಗ ಹಾಸ್ಟೆಲಿನಲ್ಲಿದ್ದಳು. ಶನಿವಾರ ನಾನು ಮಾಡಿದ್ದನ್ನು ನೋಡಿದವರು ಯಾರೂ ಇರಲಿಲ್ಲ.

ಆ ಚೇಂಬರ್ ಮೂಟೆಯ ತಳದಲ್ಲಿದೆ. ತೊಳೆದಿಲ್ಲ. ನಟ್ಟಣ್ಣನೂ ತೊಳೆದಿಲ್ಲ, ಅದನ್ನು ನೋಡಲು ಅವರಿಗೂ ಆಗುವುದಿಲ್ಲವಂತೆ. "ಆ ತೂತು ಹೇಗಿದೆಯೋ ಏನೋ, ಆಮೇಲೆ ನೋಡೋಣ" ಅಂದು ಹಾಗೇ ಕೊಟ್ಟಿದ್ದರು. ಇಬ್ಬರೂ ಒಂದೇ ತೂತಿಗೆ ಹೆದರಿದ್ದೇವೆ.


ಜನವರಿ 26

600 ಮುಗಿದು 1000. ಕವರಿನಲ್ಲಿ ಮುಖ ಕಾಣತೊಡಗಿದೆ, ನೀರಿನೊಳಗೆ ಕಂಡ ಹಾಗೆ. ನನ್ನ ಗಲ್ಲ, ಅವಳ ಗಲ್ಲ ಒಂದೇ ಅಚ್ಚು ಎಂದು ಅಮ್ಮ ಹೇಳುತ್ತಿದ್ದಳು. ಇವತ್ತು ತಲೆ ಬಗ್ಗಿಸಿದಾಗ ಕಂಡದ್ದು ನಾನಲ್ಲ. ಆಚೆ ಸರಿದೆ. ಅದು ಸರಿಯಲು ಒಂದು ಕ್ಷಣ ತಡ ಮಾಡಿತು.

ಕಣ್ಣಿಗೆ ನಿದ್ದೆ ಸಾಲದು, ಅಷ್ಟೆ.

ಬೆರಳು ಮತ್ತೆ ಸೀಳಿ ರಕ್ತ ಬಂತು. ಗುಬ್ಬಿ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದಳು. "ಸಾಕು ದೊಡ್ಡಮ್ಮ. ಉಳಿದದ್ದು ಅಂಗಡಿಗೆ ಕೊಡೋಣ. ಯಾಕೆ ಇಷ್ಟು ಹಟ?" ಅಂದಳು. ಬೈದೆ. ಆ ಮೂಟೆ ಮುಟ್ಟಿದರೆ ನೋಡು ಅಂದೆ. ನಾನು ಅವಳಿಗೆ ಜೋರು ಮಾಡಿದ್ದು ಇದೇ ಮೊದಲು. ಮುಖ ಸಣ್ಣದಾಯಿತು.


ಫೆಬ್ರವರಿ 2, ಸಂಜೆ 7

ಮೂಟೆ ಹಗುರವಾಗಿತ್ತು. ಬಿಚ್ಚಿ ನೋಡಿದರೆ ಚೇಂಬರ್ ಇಲ್ಲ.

ಗುಬ್ಬಿ ಒಯ್ದಿದ್ದಾಳೆ. ನಿನ್ನೆಯೇ. ನನ್ನ ಕೈ ನೋಡಲಾಗದೆ, ನನಗೆ ಹೇಳದೆ, ಪಾಲಿಶ್ ಅಂಗಡಿಗೆ. ಇವತ್ತು ತೆಗೆದುಕೊಂಡು ಬಂದಳು. ಮೇಜಿನ ಮೇಲಿಟ್ಟಳು. ಕನ್ನಡಿ. ನಿಜಕ್ಕೂ ಕನ್ನಡಿ, ನನ್ನ ತಿಂಗಳ ಕೆಲಸವನ್ನು ನೋಡಿ ನಗುವಂಥ ಹೊಳಪು. ಹೊಗಳಬೇಕೆಂದು ಬಾಯಿ ತೆರೆದೆ. ಅವಳು ಕಾಗದದ ಪೊಟ್ಟಣವೊಂದನ್ನು ಬಿಚ್ಚಿದಳು. ಒಳಗೆ ಎಣ್ಣೆಗೆ ಕಪ್ಪಾದ ಬಿಳಿ ಟೇಪಿನ ಚೂರುಗಳು.

"ತೂತಿನೊಳಗೆ ಸಿಕ್ತಂತೆ. ಪಾಲಿಶ್‌ನವರು ಸೂಜಿ ಹಾಕಿ ತೆಗೆದ್ರು. ಮರೆ ಹಾಳು ಮಾಡಿ, ನಲ್ಲಿಗೆ ಸುತ್ತೋ ಟೇಪ್ ಸುತ್ತಿದ್ದಾರೆ, ಇದು ಕಲಿತ ಕೈ ಮಾಡೋ ಕೆಲಸ ಅಲ್ಲ ಅಂದ್ರು ದೊಡ್ಡಮ್ಮ." ಅವಳ ತುಟಿ ಬೆಳ್ಳಗಾಗಿತ್ತು. "ನಟ್ಟಣ್ಣನಿಗೆ ಗೊತ್ತಿತ್ತು. ಗೊತ್ತಿದ್ದೂ ಟೇಪ್ ಸುತ್ತಿ ಅಮ್ಮನ ಕೈಗೆ ಕೀ ಕೊಟ್ಟಿದ್ದಾರೆ. ಮರೆತಿದ್ರೆ ಬೇರೆ ಮಾತು. ಇದು ಮರೆವಲ್ಲ."

ಹೌದು. ಮರೆವಲ್ಲ.

"ಬರ್ತಾ ಅವರ ಅಂಗಡಿಗೆ ಹೋಗಿದ್ದೆ. ಎಲ್ಲರ ಮುಂದೆ ಕೇಳ್ದೆ."

"ಏನಂದ್ರು?" — ನನ್ನದೇ ಧ್ವನಿ, ಎಲ್ಲೋ ದೂರದಲ್ಲಿ.

"ಟೇಪು ನೋಡಿದ್ರು. ತುಂಬಾ ಹೊತ್ತು ನೋಡಿದ್ರು. ಆಮೇಲೆ, 'ನಾನೇ ಇರಬಹುದಮ್ಮ, ನೆನಪಿಲ್ಲ' ಅಂತ ಕೈ ಮುಗಿದ್ರು."

ಅವಳು ಊಟ ಮಾಡಲಿಲ್ಲ. ನಾನೂ.


ಫೆಬ್ರವರಿ 3, ಬೆಳಗ್ಗೆ 8.20

ಹೋಗಿ ಬರುತ್ತೇನೆ. ಬರೆದಿಟ್ಟರೆ ಹಿಂದೆಗೆಯಲಾರೆ.


ಫೆಬ್ರವರಿ 3, ಮಧ್ಯಾಹ್ನ 2

ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಒಂದೇ ಒಂದು ಗಾಡಿ: ತಂಗಿಯದು. ನಟ್ಟಣ್ಣ ಎಣ್ಣೆಯ ಡಬ್ಬಿ ಮೇಲೆ ಕೂತಿದ್ದರು. ನಿಂತುಕೊಂಡೇ ಹೇಳಿದೆ. ಪೈಪು, ಕಟ್ ಅಂದದ್ದು, ಟೇಪು, ಎಲ್ಲ. ಬಿಗಿಯಾಗಿಯೇ ಇತ್ತು, ನಿಮ್ಮ ಕೈ ತಪ್ಪಲಿಲ್ಲ ಅಂದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಹೊಡೆದರೂ ಹೊಡೆಸಿಕೊಳ್ಳಲು ತಯಾರಾಗಿ ಹೋಗಿದ್ದೆ. ಅವರು ತಮ್ಮ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡರು. ಮಗ್ಗುಲು ತಿರುಗಿಸಿ ನೋಡಿಕೊಂಡರು. "ಹದಿನಾಲ್ಕು ತಿಂಗಳು" ಅಂದರು. ನನಗಲ್ಲ, ಕೈಗಳಿಗೆ.

ಆಮೇಲೆ ಎದ್ದರು. "ನನ್ನ ಹೆಂಡ್ತಿ ಮುಂದೆ ಹೇಳಿ."

ಹಿಂದಿನ ಗಲ್ಲಿಯಲ್ಲೇ ಮನೆ. ಅವರ ಹೆಂಡತಿ ಬಟ್ಟೆ ಒಣಗಿಹಾಕುತ್ತಿದ್ದರು. ಎರಡನೇ ಸಲ ಹೇಳಿದೆ. ಮೊದಲಿಗಿಂತ ಕಷ್ಟ. ಆಕೆ ಒದ್ದೆ ಬಟ್ಟೆ ಹಿಡಿದುಕೊಂಡೇ ಕೇಳಿದರು. ನೀರು ಅವರ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು.

"ರಾತ್ರಿ ಎದ್ದು ಎದ್ದು ಕೂರ್ತಾರೆ ಇವರು. ಮೊಮ್ಮಗೂನ ಎತ್ಕೊಳ್ಳೋಕೆ ಹೆದರ್ತಾರೆ, ನನ್ನ ಕೈ ಸರಿಯಿಲ್ಲ ಅಂತ" ಅಂದರು. "ನೀವು ನಮ್ಮನೆಗೆ ಬಂದು ಟೀ ಕುಡಿದು ಹೋಗಿದ್ರಿ. ಎರಡು ಸಲ."

ಮೂರು ಸಲ. ತಿದ್ದಲಿಲ್ಲ.

"ಹೋಗಿ" ಅಂದರು. ನಟ್ಟಣ್ಣ ಗೋಡೆ ಕಡೆ ತಿರುಗಿ ನಿಂತಿದ್ದರು, ಭುಜ ಅಲುಗುತ್ತಿತ್ತು. ಗಲ್ಲಿ ದಾಟುವವರೆಗೂ ನನ್ನ ಬೆನ್ನ ಹಿಂದೆ ಆ ಸದ್ದು... ಗಂಡಸು ಹಾಗೆ ಅತ್ತದ್ದನ್ನು ನಾನು ಕೇಳಿಲ್ಲ.

ಗುಬ್ಬಿ ಕಾಲೇಜಿನಿಂದ ನಾಲ್ಕಕ್ಕೆ ಬರುತ್ತಾಳೆ.


ಫೆಬ್ರವರಿ 3, ಸಂಜೆ 5.30

ಹೇಳಿದೆ.

ಕೂತು ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ. "ಅಮ್ಮಂಗೆ ಗೊತ್ತಿತ್ತಾ?"

"ಇಲ್ಲ."

"ನಿಮ್ಮನ್ನ ನಂಬಿ ಹೋದ್ಲು."

ಪ್ರಶ್ನೆಯಲ್ಲ ಅದು. ಮೇಲೆ ಹೋಗಿ ಬ್ಯಾಗು ತುಂಬಿಕೊಂಡು ಬಂದಳು. ಗೆಳತಿಯ ರೂಮಿಗಂತೆ. ಮೊದಲು ನಟ್ಟಣ್ಣನ ಕಾಲಿಗೆ ಬೀಳಬೇಕಂತೆ. ಹೊಸ್ತಿಲಲ್ಲಿ ನಿಂತು ಚಪ್ಪಲಿ ಹಾಕಿಕೊಂಡಳು, ಬಕಲ್ ಸಿಗದೆ ಎರಡು ಸಲ ತಡವರಿಸಿದಳು. ಕೂತು ಹಾಕಿಕೊಡಲೇ ಅಂದೆ, ಅಭ್ಯಾಸ. "ಮುಟ್ಟಬೇಡಿ" ಅಂದಳು.


ಫೆಬ್ರವರಿ 19

ಕೆಲಸ. ಮನೆ. ಮೆಟ್ಟಿಲ ಕೆಳಗಿನ ಕೋಣೆಯ ದೀಪ ಹಾಕಿಲ್ಲ.

ಇವತ್ತು ಫೋನಿಗೆ ಗುಬ್ಬಿಯ ಮೆಸೇಜು. "ಉಳಿದ ಪಾರ್ಟ್ಸ್ ನಟ್ಟಣ್ಣನ ಅಂಗಡಿಗೆ ಕಳಿಸಿ." ಅಷ್ಟೇ. ದೊಡ್ಡಮ್ಮ ಎಂಬ ಮಾತಿಲ್ಲ.


ಫೆಬ್ರವರಿ 20

ಕವರಿನ ಮೂಲೆ ಮುಗಿಯುವುದಿಲ್ಲ. ಬಟ್ಟೆಚಕ್ರ ಹೋಗದ ಕಡೆ ಬೆರಳೇ ಹೋಗಬೇಕು, ಬೆರಳಿನಲ್ಲಿ ಚರ್ಮವಿಲ್ಲ. ಸೋತೆ. ಪಾಲಿಶ್‌ನವರ ಹತ್ತಿರ ಒಯ್ದೆ. ನೀವೇ ಮುಗಿಸಿ ಅಂದೆ, ಕೂಗಿ.

ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿದರು. "ಮನೆ ಕೆಲಸ ಅಂತ ಗೊತ್ತಾಗುತ್ತೆ. ಇಲ್ಲಿ ಅಲೆ ಅಲೆ, ಇಲ್ಲಿ ಗೆರೆ. ಆದ್ರೂ ಪರವಾಗಿಲ್ಲ" ಅಂದರು. ಮೋಟಾರ್ ಹಾಕಿದರು. ಹತ್ತೂ ಆಗಲಿಲ್ಲ, ಆರೇ ನಿಮಿಷ. ಎದುರು ಸ್ಟೂಲಿನ ಮೇಲೆ ಕೂತು ನೋಡಿದೆ. ಆ ಗದ್ದಲದಲ್ಲಿ ಬೇರೆ ಯಾವ ಸದ್ದೂ ಕಿವಿಗೆ ಬರಲಿಲ್ಲ. ಮುಗಿದಾಗ ಇನ್ನೂ ಸ್ವಲ್ಪ ಹೊತ್ತು ಹಾಕಿರಿ ಅನ್ನಬೇಕೆನಿಸಿತು.

ನಟ್ಟಣ್ಣನ ಅಂಗಡಿಗೆ ನಾನು ಹೋಗಲಿಲ್ಲ. ಪಾಲಿಶ್‌ನವರೇ ಕಳಿಸಿಕೊಡುತ್ತಾರೆ.


ಮಾರ್ಚ್ 2

ಬೀದಿಯ ಕೊನೆಯಲ್ಲಿ ನಿಂತು ನೋಡಿದೆ. ನಟ್ಟಣ್ಣನ ಅಂಗಡಿಯ ಬಾಗಿಲು ಪೂರ್ತಿ ಮೇಲೆ. ಹೊರಗೆ ಎರಡು ಗಾಡಿ. ನಾನೇ ಮನೆಮನೆಗೆ ಹೋಗಿ ಹೇಳಿದ್ದೇನೆ, ಸ್ಕೂಲಿನಲ್ಲೂ ಹೇಳಿದ್ದೇನೆ. ಈಗ ನನ್ನನ್ನು ಕಂಡರೆ ಜನ ಆಚೆ ಫುಟ್‌ಪಾತಿಗೆ ದಾಟುತ್ತಾರೆ. ಅದು ನ್ಯಾಯ.

ಅವರು ನನ್ನನ್ನು ನೋಡಿದರು. ತಲೆ ಅಲುಗಿಸಲಿಲ್ಲ, ಮುಖ ತಿರುಗಿಸಲೂ ಇಲ್ಲ. ನೋಡಿ, ಮತ್ತೆ ಬಾನೆಟ್ಟಿನೊಳಗೆ ಬಗ್ಗಿದರು.


ಮಾರ್ಚ್ 10, ಭಾನುವಾರ, ಬೆಳಗ್ಗೆ 7.40

ಹಾಸಿಗೆ ಮಡಿಸುತ್ತಿದ್ದೆ. ಬೀದಿಯಲ್ಲಿ ಗಾಡಿಯ ಸದ್ದು. ತಿರುವಿನಲ್ಲಿ ಗೇರ್ ಇಳಿಸುವ ರೀತಿ, ಆಮೇಲೆ ಎಂಜಿನ್ನಿನ ಒಂದು ಸಣ್ಣ ಕೆಮ್ಮು. ಕೈಯಲ್ಲಿದ್ದದ್ದು ಬಿತ್ತು. ತಂಗಿ ಬಂದಳು ಅಂದೆ. ಬಾಯಿಬಿಟ್ಟೇ ಅಂದೆ, ಒಬ್ಬಳೇ.

ಕಿಟಕಿಯಿಂದ ನೋಡುತ್ತಿದ್ದೇನೆ. ಗೇಟಿನ ಮುಂದೆ ನಿಂತಿದೆ. ಸ್ಟೇರಿಂಗ್ ಮುಂದೆ ಎತ್ತಿ ಕಟ್ಟಿದ ಕೂದಲು, ಆ ಗಲ್ಲ... ಗುಬ್ಬಿಯೇ. ಗುಬ್ಬಿಯೇ. ಮುಖ ನೇರ ರಸ್ತೆಗೆ. ಇತ್ತ ನೋಡುತ್ತಿಲ್ಲ. ಒಬ್ಬಳೇ ಬಂದಿದ್ದಾಳೆ. ಹಾರ್ನ್ ಇಲ್ಲ. ಇಳಿಯುತ್ತಿಲ್ಲ. ಎಂಜಿನ್ ಆಫ್ ಮಾಡಿಲ್ಲ.

ಬಟ್ಟೆ ತೆಗೆದುಕೊಂಡು ಹೋಗಲು ಬಂದಿರಬಹುದು. ನಾನು ಏನೇನೋ ಅಂದುಕೊಳ್ಳಬಾರದು. ಎರಡು ನಿಮಿಷವಾಯಿತು. ಇದನ್ನು ಬರೆಯುತ್ತಿರುವುದು ಕೈಗೆ ಬೇರೆ ಏನೂ ಮಾಡಲು ತೋಚದೆ.

ಬಗ್ಗಿದಳು. ಪಕ್ಕದ ಸೀಟಿನ ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಹಾಗೇ ತೆರೆದೇ ಇದೆ. ಯಾರೂ ಇಳಿಯಲಿಲ್ಲ, ಆ ಸೀಟು ಖಾಲಿ, ಅವಳು ಇನ್ನೂ ರಸ್ತೆಯನ್ನೇ ನೋಡುತ್ತಿದ್ದಾಳೆ, ಕಾಯುತ್ತಿರುವುದು ನನಗೇ ಇರಬೇಕು, ತಲೆ ಬಾಚಿಲ್ಲ, ಮನೆ ಬೀಗ ಎಲ್ಲಿಟ್ಟೆ —